ಮೈಕಿನವನ ಹಣೆಯ ಭಂಡಾರ

"ಟ್ರ್‌ರ್‌ರ್… ಚ್ಚ ಚ್ಚ ಚ್ಚ… ಹೋಽಽ!"

ನನ್ನ ತಮ್ಮ ಮೈಕ್ ಟೆಸ್ಟ್ ಮಾಡುತ್ತಿದ್ದದ್ದು ಹೀಗೆ. ಬೇರೆ ಮೈಕಿನವರೆಲ್ಲ ‘ಹಲೋ, ಹಲೋ’ ಅನ್ನುತ್ತಿದ್ದರೆ ಇವನು ಕುರಿ ಕರೆಯುತ್ತಿದ್ದ. ಮೇಲವಂಕಿಯ ಹೊಲಗಳಲ್ಲಿ ನಮ್ಮಪ್ಪ ಸಂಜೆ ಹಿಂಡು ಕೂಡಿಸಲು ಹೊರಡಿಸುತ್ತಿದ್ದ ದನಿ ಅದು. ಅದರಲ್ಲಿ ಇಲ್ಲದ ನಾದವೇ ಇಲ್ಲ ಅನ್ನುವುದು ತಮ್ಮನ ವಾದ. ನಾಲಗೆ ಲೊಟಕೆ ಹೊಡೆದು ‘ಚ್ಚ ಚ್ಚ’ ಅಂದರೆ ಮೇಲಿನ ಸಣ್ಣ ಸ್ಪೀಕರು ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಎದೆಯಿಂದ ಎದ್ದ ‘ಹೋ’ ನೆಲದ ಮೇಲಿನ ದೊಡ್ಡ ಬಾಕ್ಸನ್ನು ಪರೀಕ್ಷೆ ಮಾಡುತ್ತದೆ, ತುಟಿ ನಡುಗಿಸಿದ ‘ಟ್ರ್‌ರ್’ ನಡುವಿನದನ್ನು. ಅವನು ಹೀಗೆ ಟೆಸ್ಟ್ ಮಾಡುವಾಗ ಹತ್ತಿರದಲ್ಲಿ ಕುರಿಗಳಿದ್ದರೆ ಅವು ನಿಜಕ್ಕೂ ತಲೆಯೆತ್ತಿ ನೋಡುತ್ತಿದ್ದವು. ಅವನಿಗೆ ಅದೇ ಸರ್ಟಿಫಿಕೇಟು.

ಆ ಕೂಗು ನನಗೂ ಬರುತ್ತಿತ್ತು. ಯಾರೋ ದೊಡ್ಡವರ ಮಾತು ಕೇಳಿ ಅಪ್ಪ ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಹಾಕಿದ ಹೊಸತರಲ್ಲಿ, ಹಾಸ್ಟೆಲಿನ ಮೇಲಿನ ವರಾಂಡದಿಂದ ಕೆಳಗೆ ಗ್ರೌಂಡಿನಲ್ಲಿದ್ದ ಗೆಳತಿಯನ್ನು ಹಾಗೆಯೇ ‘ಹೋ’ ಎಂದು ಕರೆದಿದ್ದೆ. ಸಿಸ್ಟರ್ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, "ಚೈಲ್ಡ್, ವಿ ಡೋಂಟ್ ಬೆಲ್ಲೋ. ವಿ ಕಾಲ್," ಅಂದರು, ನಾವು ದನದಂತೆ ಅರಚುವುದಿಲ್ಲ, ಕರೆಯುತ್ತೇವೆ ಎಂದು. ಬೈಯಲಿಲ್ಲ, ಹೊಡೆಯಲಿಲ್ಲ. ಆದರೂ ಆ ಕೂಗು ಅಂದು ಗಂಟಲಿನಲ್ಲಿ ಎಲ್ಲಿ ಕೂತಿತೋ ಅಲ್ಲೇ ಕೂತಿತು. ಆಮೇಲೆ ನಾನು ಗೋಕಾಕದಲ್ಲಿ ಇಂಗ್ಲಿಷ್ ಟೀಚರ್ ಆದೆ. ತಮ್ಮ ಸಾಲಿ ಬಿಟ್ಟು ಮೈಕ್ ಸೆಟ್ಟಿನವನಾದ. ನಾನು ಹೇಳಿದ್ದು ಒಂದು ಕ್ಲಾಸ್ ರೂಮಿಗೆ ಕೇಳಿಸುತ್ತಿತ್ತು, ಅವನು ಹೇಳಿದ್ದು ಮೂರು ತಾಲೂಕಿಗೆ.

ರಿಟೈರ್ ಆದ ಮೇಲೆ ನನಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಕೂತರೆ ಏಳಬೇಕು, ಎದ್ದರೆ ಬಾಗಿಲವರೆಗೆ ಹೋಗಬೇಕು, ಬಾಗಿಲಿಗೆ ಹೋದರೆ ಚಪ್ಪಲಿ ಮೆಟ್ಟಬೇಕು. ರೆಸ್ಟ್‌ಲೆಸ್ ಅನ್ನುವ ಶಬ್ದವನ್ನು ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದ್ದೆ, ಅದರ ಅರ್ಥ ನನಗೆ ಗೊತ್ತಾದದ್ದು ಪೆನ್ಷನ್ ಶುರುವಾದ ಮೇಲೆ. ಹಾಗಾಗಿ ತಮ್ಮನ ಟೆಂಪೋ ಎಲ್ಲಿಗೆ ಹೊರಟರೂ ನಾನೂ ಮುಂದಿನ ಸೀಟಿಗೆ ಹತ್ತುತ್ತಿದ್ದೆ. ಮೂಡಲಗಿಯ ಮದುವೆಯಾಗಲಿ, ಹುಕ್ಕೇರಿಯ ಸಾಲಿ ಗ್ಯಾದರಿಂಗ್ ಆಗಲಿ.

"ನಮ್ಮ ಅಕ್ಕಾ ಸ್ಪೇರ್ ಟೈರ್ ಇದ್ದಂಗ," ಅನ್ನುತ್ತಿದ್ದ ಅವನು ಎಲ್ಲರೆದುರಿಗೆ. "ಕೆಲಸಕ್ಕ ಬರ್ಲಿ ಬಿಡ್ಲಿ, ಗಾಡ್ಯಾಗ ಇರಾಕಬೇಕ."

ಅವನ ಕೆಲಸದಲ್ಲೆಲ್ಲ ಅವನಿಗೆ ಪ್ರಾಣವಾದದ್ದು ಡೊಳ್ಳಿನ ಪದ. ಎರಡು ಊರಿನ ಮ್ಯಾಳಗಳು ಎದುರುಬದುರು ನಿಂತು, ಒಂದು ಕಡೆಯವರು ಹಾಡಿನಲ್ಲೇ ಪ್ರಶ್ನೆ ಹಾಕುತ್ತಾರೆ, ಇನ್ನೊಂದು ಕಡೆಯವರು ಹಾಡಿನಲ್ಲೇ ಉತ್ತರ ಕೊಡುತ್ತಾರೆ. ಮುಂದೆ ನಿಂತವನು ಪದ ಹೇಳಿ ಮುಗಿಸುವಾಗ ಹಿಂದೆ ನಿಂತವರು ಕೊನೆಯ ದನಿಯನ್ನು ಹಿಡಿದು ಉದ್ದಕ್ಕೆ ಎಳೆಯುತ್ತಾರೆ. ಅದಕ್ಕೆ ಸೂರು ಹಿಡಿಯುವುದು ಅನ್ನುತ್ತಾರೆ. ಸೋಲು ಗೆಲುವು ಇರುವ ಆಟವಾದ್ದರಿಂದ ಮೈಕಿನವನ ಕೈಯಲ್ಲಿ ದೊಡ್ಡ ಅಧಿಕಾರವಿದೆ. ಒಂದು ಕಡೆಯ ದನಿಯನ್ನು ಕೂದಲೆಳೆಯಷ್ಟು ಇಳಿಸಿದರೆ ಸಾಕು, ಅವರು ಸೋತಂತೆಯೇ. ಅದಕ್ಕೆ ನಮ್ಮವರಲ್ಲಿ ಒಂದು ಪದ್ಧತಿಯಿದೆ. ಪದ ಶುರುವಾಗುವ ಮುಂಚೆ ಎರಡೂ ಮ್ಯಾಳದ ಹಿರಿಯರು ಬಂದು ಮೈಕಿನವನ ಹಣೆಗೆ ಭಂಡಾರ ಹಚ್ಚುತ್ತಾರೆ. ಆ ಅರಿಶಿನಪುಡಿ ಹಣೆಯ ಮೇಲಿರುವ ತನಕ ಅವನು ನಡುವಿನ ಖುರ್ಚಿ ಬಿಟ್ಟು ಏಳುವ ಹಾಗಿಲ್ಲ, ಯಾರಿಗೂ ‘ಭಲೆ’ ಅನ್ನುವ ಹಾಗಿಲ್ಲ, ತಲೆದೂಗುವ ಹಾಗೂ ಇಲ್ಲ. ಮುಗಿದ ಮೇಲೆ ಟವೆಲ್ಲಿನಿಂದ ಒರೆಸಿಕೊಂಡರೆ ಅವನು ಮತ್ತೆ ಎಲ್ಲರಂತೆ ಒಬ್ಬ ಮನುಷ್ಯ.

ಪ್ರಾಯದಿಂದ ಮುಪ್ಪಿನವರೆಗೆ ನನ್ನ ತಮ್ಮನ ಹಣೆಗೇ ಆ ಭಂಡಾರ. ಬೇರೆ ಮೈಕಿನವರ ಹೆಸರು ಬಂದರೆ ಯಾವುದಾದರೊಂದು ಮ್ಯಾಳ ಒಲ್ಲೆ ಅನ್ನುತ್ತಿತ್ತು. ಇವನ ಹೆಸರಿಗೆ ಯಾರೂ ಅನ್ನುತ್ತಿರಲಿಲ್ಲ.

ಎಐ ಅನ್ನುವುದು ನಮ್ಮ ಗೋಡೌನಿಗೆ ಬಂದದ್ದು ತಮ್ಮನ ಮಗಳಿಂದ. ಡಿಪ್ಲೊಮಾ ಓದಿದವಳು, ಗೋಕಾಕದಲ್ಲೇ ಮದುವೆಯಾಗಿ ಇದ್ದಾಳೆ, ಮದುವೆಯಾದ ಮೇಲೂ ಅಪ್ಪನ ಜೊತೆ ಏಣಿ ಹತ್ತಿ ಸ್ಪೀಕರ್ ಕಟ್ಟುತ್ತಾಳೆ. ಅವಳು ಒಂದು ಟ್ಯಾಬ್ಲೆಟ್ಟನ್ನೂ ಪೆನ್ಸಿಲ್ಲಿನಂಥ ಒಂದು ಸಣ್ಣ ಮೈಕನ್ನೂ ತಂದಳು. ಸ್ಪೀಕರಿನಿಂದ ಒಂದು ಸದ್ದು ಹೊರಡುತ್ತದೆ, ಆ ಸಣ್ಣ ಮೈಕು ಅದನ್ನು ಕೇಳಿಸಿಕೊಳ್ಳುತ್ತದೆ, ಯಾವ ನಾದ ಹೆಚ್ಚು, ಯಾವುದು ಕಡಿಮೆ, ದೋಷ ಎಲ್ಲಿದೆ ಎಂದು ಟ್ಯಾಬ್ಲೆಟ್ಟು ಹೇಳುತ್ತದೆ. ದನಿ ಏರಿಸಿ ಇಳಿಸುವ ಮಿಕ್ಸರಿಗೆ ಜೋಡಿಸಿದರೆ ತಾನೇ ಸರಿಯನ್ನೂ ಮಾಡುತ್ತದೆ, ನಾವು ಬರೆದು ಕೇಳಿದರೆ ಉತ್ತರವನ್ನೂ ಕೊಡುತ್ತದೆ.

ಮೊದಲ ದಿನ ಅದರ ‘ಷ್ಷ್‌’ ಎಂಬ ಸದ್ದು ಗೋಡೌನು ತುಂಬಿದಾಗ ತಮ್ಮ ಕಿವಿ ಮುಚ್ಚಿಕೊಂಡ.

"ಇದೇನವಾ, ಮಳಿಗಾಲದಾಗ ಫಾಲ್ಸ್ ಮುಂದ ನಿಂದ್ರಿಸಿದಂಗ ಆತು."

"ಅಪ್ಪಾ, ಇದ್ರಾಗ ಎಲ್ಲಾ ಸ್ವರಾನೂ ಕೂಡಿ ಬರ್ತಾವ. ಅದಕ್ಕ ಹಂಗ."

"ಎಲ್ಲಾ ಸ್ವರ ನನ್ನ ಕುರಿ ಕರಿಯೂದ್ರಾಗನ ಅದಾವಲ್ಲ. ಅದನ್ನ ಕೇಳಸು ಅದಕ್ಕ."

ಅವಳು ಟ್ಯಾಬ್ಲೆಟ್ಟಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಕೊಟ್ಟಳು. ಅದು ‘ಪ್ರತಿಧ್ವನಿ ನಿಗ್ರಹ’ ಎಂದು ಏನೋ ಬರೆಯಿತು. ತಮ್ಮ ಅಕ್ಷರ ಕೂಡಿಸಿ ಓದಿ, "ಇವರು ಯಾವ ಮಠದ ಸ್ವಾಮಿಗೋಳು?" ಎಂದು ಕೇಳಿದ. ಕೊನೆಗೆ ಇಂಗ್ಲಿಷೇ ವಾಸಿ ಅನಿಸಿತು. ಮಗಳು ವೈರು ಹಿಡಿದು ಆಚೆ ಈಚೆ ಓಡಾಡಬೇಕಾದ್ದರಿಂದ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಣ್ಣಿನಲ್ಲಿ ಪೊರೆ ಬಂದಿತ್ತು, ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಿದ್ದೆ. ಹಾನೆಸ್ಟ್ಲಿ, ನನಗೆ ಖುಷಿಯಾಗಿತ್ತು. ಅಷ್ಟು ವರ್ಷದ ಗ್ರಾಮರು ಕೊನೆಗೂ ತಮ್ಮನಿಗೆ ಉಪಯೋಗಕ್ಕೆ ಬರುತ್ತಿದೆ ಅಂತ. ತಮ್ಮ ಅದನ್ನು ‘ಅಕ್ಕನ ಕಾನ್ವೆಂಟ್ ಗೆಳತಿ’ ಎಂದು ಕರೆಯತೊಡಗಿದ.

ಆ ಗೆಳತಿಯ ಮೇಲೆ ಅವನಿಗೆ ನಂಬಿಕೆ ಬಂದದ್ದು ಬಾಕ್ಸಿನ ವಿಷಯದಲ್ಲಿ. ಬಹಳ ದಿನಗಳಿಂದ ಡೊಳ್ಳಿನ ಪೆಟ್ಟು ಸಪ್ಪೆಯಾಗಿ ಕೇಳುತ್ತಿತ್ತು. ಡೊಳ್ಳಿನ ಚರ್ಮ ಸರಿಯಿಲ್ಲ, ಬಾರಿಸುವವರಿಗೆ ರಟ್ಟೆಯಿಲ್ಲ ಎಂದು ತಮ್ಮ ಎಲ್ಲರನ್ನೂ ಬೈದಿದ್ದ. ಅಳತೆ ಮಾಡಿದ ಮೇಲೆ ಅದು ಹೇಳಿತು: ನಿಮ್ಮ ಎರಡು ದೊಡ್ಡ ಬಾಕ್ಸುಗಳಲ್ಲಿ ಒಂದಕ್ಕೆ ಪ್ಲಸ್ ಮೈನಸ್ ಉಲ್ಟಾ ಆಗಿರುವಂತಿದೆ, ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ, ವೈರು ಬಿಚ್ಚಿ ನೋಡಿ. ಬಿಚ್ಚಿ ನೋಡಿದರೆ ಹಾಗೆಯೇ ಇತ್ತು. ಸರಿಮಾಡಿ ಒಂದು ಪೆಟ್ಟು ಬಾರಿಸಿದರೆ ಗೋಡೌನಿನ ತಗಡು ಗದಗುಟ್ಟಿತು.

"ಎರಡ ಎತ್ತಿನಾಗ ಒಂದ ಹಿಂದಕ ಜಗ್ಗಾಕತ್ತಿತ್ತ ನೋಡ," ಎಂದ ತಮ್ಮ, ಬಾಕ್ಸಿನ ಬೆನ್ನು ತಟ್ಟುತ್ತ. "ಖರೆ ಅಕ್ಕಾ, ನಿನ್ನ ಗೆಳತಿ ಶಾಣ್ಯಾಕಿ ಅದಾಳ."

ಅಷ್ಟರಲ್ಲಿ ಬೆಲ್ಲದ ಬಾಗೇವಾಡಿಯಿಂದ ಕರೆ ಬಂತು. ಅಲ್ಲಿ ಹೊಸ ಸಮುದಾಯ ಭವನ ಕಟ್ಟಿದ್ದರು. ಬಾಗಿಲು ತೆರೆಯುವ ದಿನ ಮಧ್ಯಾಹ್ನ ಡೊಳ್ಳಿನ ಪದ. ಮೂಡಲಗಿ ಕಡೆಯಿಂದ ಮಸಗುಪ್ಪಿಯ ಮ್ಯಾಳ, ಹುಕ್ಕೇರಿ ಕಡೆಯಿಂದ ಅವರದೇ ಊರಿನದು. ಮೈಕು ನನ್ನ ತಮ್ಮನದು ಎಂದು ಬೇರೆ ಹೇಳಬೇಕಾಗಿರಲಿಲ್ಲ. ಆದರೆ ಮಸಗುಪ್ಪಿ ಮ್ಯಾಳದ ಹಿರಿಯ ತಾನೇ ಗೋಕಾಕಕ್ಕೆ ಬಂದ. ನಮ್ಮ ಗೋಡೌನಿನ ಬಾಗಿಲಲ್ಲಿ ಕಂಬಳಿ ಹೆಗಲಿಂದ ಇಳಿಸಿ ಕೂತು, ಚಹಾ ಕುಡಿದು, ಆಮೇಲೆ ಮಾತು ತೆಗೆದ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಹೋದ ಸಲ ನಿಮ್ಮ ಸೌಂಡ್ ಕಿವ್ಯಾಗ ಸೂಜಿ ಆಡಿಸಿದಂಗ ಆಗಿತ್ತ. ನಮ್ಮ ಮಂದಿ ಬ್ಯಾರೇನ ಮಾತಾಡಾಕತ್ತಾರ."

"ಏನಂತ?"

"ಕಾಕಾ ಆ ಕಡಿ ವಾಲ್ಯಾರ ಅಂತ."

ತಮ್ಮನ ಮುಖ ಬದಲಾಯಿತು. "ಸೂಜಿ ಆಡಿಸಿದ್ದು ನನ್ನ ಬಾಕ್ಸ್ ಅಲ್ಲಪಾ, ನಿಮ್ಮ ತಾಳದಾಂವ. ಬಾ ಇಲ್ಲೆ. ನಿನ್ನ ಮುಂದನ ಟೆಸ್ಟ್ ಮಾಡಿ ತೋರಿಸ್ತೀನಿ. ಈಗ ನಮ್ಮ ಕಡಿ ಮಷಿನ್ ಐತಿ, ಅದು ಯಾರ ಬೀಗನೂ ಅಲ್ಲ."

ಮಗಳು ಸಣ್ಣ ಮೈಕನ್ನು ನಿಲ್ಲಿಸಿದಳು. ‘ಷ್ಷ್‌’ ಹರಿಯಿತು. ಎಐ ತಾನೇ ಎಲ್ಲ ಸ್ವರಗಳನ್ನು ಸಮ ಮಾಡಿತು. ಮಗಳು ಒಂದು ಹಾಡು ಹಾಕಿದಳು. ನನಗೆ ಇಂಪಾಗಿ ಕೇಳಿತು. ಹಿರಿಯ ತಲೆಯಾಡಿಸಿದ. ತಮ್ಮ ಮಾತ್ರ ಮುಖ ಕಿವುಚಿದ.

"ಮಬ್ಬ ಐತಿ. ಬಾಯಾಗ ಅರಿವಿ ತುರುಕಿಕೊಂಡ ಹಾಡಿದಂಗ." ಎಂದವನೇ ಮಿಕ್ಸರಿಗೆ ಹೋಗಿ ಮೇಲಿನ ಸ್ವರಗಳನ್ನು ಏರಿಸಿದ. "ಈಗ ನೋಡ."

ತಾಳದ ಸದ್ದು ಹಲ್ಲಿಗೆ ಚುಚ್ಚಿತು. ಹಿರಿಯ ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡ. ಮಗಳು ಮತ್ತೆ ಅಳತೆ ಮಾಡಿದಳು, ಯಂತ್ರ ಇಳಿಸಿತು, ತಮ್ಮ ಮತ್ತೆ ಏರಿಸಿದ. ಯಂತ್ರವೇ ಕೆಟ್ಟಿದೆ ಅಂದ. "ಅಕ್ಕಾ, ಕೇಳ ನಿನ್ನ ಗೆಳತೀನ. ಯಾಕ ಹಿಂಗ ಮಾಡಾಕತ್ತೀಯ ಅಂತ ಕೇಳ."

ನಾನು ಬರೆದು ಕೇಳಿದೆ. ಉತ್ತರ ಬಂತು. ನನಗೆ ಒಂದು ಟೀಚರ್ ಚಾಳಿಯಿದೆ: ಇಂಗ್ಲಿಷ್ ಓದುತ್ತ ಓದುತ್ತಲೇ ಬಾಯಿ ತಾನೇ ಕನ್ನಡ ಹೇಳುತ್ತಾ ಹೋಗುತ್ತದೆ, ಅರ್ಥ ತಲೆಗೆ ಹೋಗುವುದು ಆಮೇಲೆ. ಹಾಗೇ ಹೇಳುತ್ತಾ ಹೋದೆ.

"ಸಿಸ್ಟಿಮ್‌ನಾಗ ದೋಷ ಏನೂ ಕಾಣವಲ್ದು ಅಂತ. ಪ್ರತಿ ಸಲ ಸರಿ ಮಾಡಿದ ಮ್ಯಾಗ ಯಾರೋ ಅದ ಸ್ವರಗೋಳನ್ನ ಏರಿಸಾಕತ್ತಾರ ಅಂತ. ಅವರು ಕಿವೀಲೆ ಕೇಳಿ ಏರಿಸಾಕತ್ತಿದ್ರ, ಭಾಳ ವರ್ಷ ದೊಡ್ಡ ಸ್ಪೀಕರ್ ಬಾಜೂಕ ಕೆಲಸ ಮಾಡಿದವರಾಗಿದ್ರ, ಒಮ್ಮೆ ಕಿವಿ ತೋರಿಸಿಕೊಳ್ಳೂದು ಚಲೋ…"

ಕೊನೆಯ ಶಬ್ದ ಹೇಳುವಾಗ ನನಗೆ ಅರ್ಥವಾಯಿತು.

ಗೋಡೌನಿನಲ್ಲಿ ಆ ಹಾಡು ಸಣ್ಣಗೆ ಓಡುತ್ತಲೇ ಇತ್ತು. ಮಗಳು ಅದನ್ನು ಬಂದ್ ಮಾಡಲು ಮರೆತಿದ್ದಳು. ಹಿರಿಯ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ, ಮತ್ತೆ ತೆಗೆದ, ಮತ್ತೆ ಹಾಕಿಕೊಂಡ. "ಬರ್ತೇನ್ರಿ ಕಾಕಾ," ಅಂದವನು ಬಾಗಿಲಲ್ಲಿ ನಿಂತು, "ವಾಲಿಲ್ಲ ಅಂತ ನಮ್ಮವ್ರಿಗೆ ಹೇಳ್ತೇನಿ. ಅದೊಂದು ಖರೆ ಆತಲ್ರಿ," ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಇನ್ನು ಸಂಜೆಯೊಳಗೆ ಮೂಡಲಗಿಗೂ, ನಾಳೆಯೊಳಗೆ ಹುಕ್ಕೇರಿಗೂ ಸುದ್ದಿ ಮುಟ್ಟುತ್ತದೆ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು.

ತಮ್ಮ ಕೇಳಿದ್ದು ಒಂದೇ. "ಕೇಳಿಸದೇ ಇದ್ದದ್ದು ಎಷ್ಟ ಐತಿ ಅಂತ ಕೇಳಿಸದವಂಗ ಹೆಂಗ ಗೊತ್ತಾಗಬೇಕ, ಅಕ್ಕಾ?"

ಆ ವಾರ ನಾನು ಮನೆಯಲ್ಲಿ ಎಷ್ಟು ತಿರುಗಿದೆ ಅಂದರೆ, ಕೆಲಸದವಳು ಕಸಬರಿಗೆ ಹಿಡಿದು, "ಟೀಚರ್ರ, ಒಂದ ಕಡಿ ನಿಂದರ್ರಿ, ಇಲ್ಲಾಂದ್ರ ನಿಮ್ಮನ್ನೂ ಕೂಡೇ ಗುಡಿಸಿಬಿಡ್ತೇನಿ," ಅಂದಳು. ಆ ಯಂತ್ರದ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅದು ವಿನಯವಾಗಿಯೇ ಹೇಳಿತ್ತು. ನನಗಿದ್ದದ್ದು ಒಂದೇ ಚಿಂತೆ. ಹೊಟ್ಟೆಪಾಡಿಗೆ ಮಗಳಿದ್ದಾಳೆ, ಬಾಕ್ಸುಗಳಿವೆ. ಆದರೆ ಕಿವಿ ಹೋಯಿತು ಅಂದರೆ ಅವನಿಂದ ಹೋಗುವುದು ಆ ನಡುವಿನ ಖುರ್ಚಿ. ಬಾಗೇವಾಡಿಯಲ್ಲಿ ಭಂಡಾರದ ಬಟ್ಟಲು ಹಿಡಿದು ಬರುವ ಹಿರಿಯರು ಈ ಸಲ ಯಾರ ಹಣೆ ಹುಡುಕುತ್ತಾರೆ?

ಅವನು ಕಿವಿ ಡಾಕ್ಟರ ಹತ್ತಿರ ಹೋದ. ನಾನೇ ಜೊತೆಗೆ ಹೋಗಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಬಟನ್ ಒತ್ತಿ ಅಂದರು. ಹೊರಗಿನಿಂದ ನೋಡುತ್ತ ನಿಂತಿದ್ದೆ. ಮೊದಮೊದಲು ಹೆಬ್ಬೆರಳು ಚುರುಕಾಗಿ ಒತ್ತುತ್ತಿತ್ತು. ಆಮೇಲೆ ಬಹಳ ಹೊತ್ತು ಅದು ಬಟನ್ನಿನ ಮೇಲೆ ಸುಮ್ಮನೆ ಕಾಯುತ್ತಾ ಕೂತಿತು. ಹೊರಗೆ ಬಂದು, "ಮಿಷಿನ್ ಅರ್ಧಕ್ಕ ಬಂದ್ ಬಿದ್ದಿತ್ತ," ಅಂದ. ಮೆಟ್ಟಿಲಿಳಿಯುವಾಗ ಅವನೇ ನಕ್ಕ. "ಬಿದ್ದಿರಾಕಿಲ್ಲ ಬಿಡ."

ಕಿವಿಗೆ ಹಾಕುವ ಯಂತ್ರದ ಅಳತೆ ಕೊಟ್ಟು ಬಂದೆವು. ಅದು ಬರಲು ದಿನ ಹಿಡಿಯುತ್ತದೆ, ಬಾಗೇವಾಡಿಯ ದಿನ ಅದಕ್ಕಿಂತ ಮುಂಚೆಯೇ ಇತ್ತು.

ಹೋಗುವ ದಿನ ಟೆಂಪೋದಲ್ಲಿ ಅವನು ನನ್ನ ಕಣ್ಣಿನ ಮಾತು ತೆಗೆದ. ನನಗೂ ಬೆಳಗಾವಿಯಲ್ಲಿ ಪೊರೆಯ ಆಪರೇಷನ್ ನಿಗದಿಯಾಗಿತ್ತು. ಬಾಗೇವಾಡಿಯಿಂದಲೇ ನೆಂಟರ ಕಾರಿನಲ್ಲಿ ಹೋಗುವುದಿತ್ತು.

"ಆ ಎಮ್ಮಿ ಕಾಣತೈತೇನ?" ಎಂದು ರಸ್ತೆಗೆ ಬೆರಳು ಮಾಡಿದ.

"ಕಾಣತೈತಿ."

"ಅದು ಎಮ್ಮಿ ಅಲ್ಲ, ನೀರಿನ ಟ್ಯಾಂಕರ್."

"ನಿನಗ ಅದರ ಹಾರನ್ ಕೇಳಿಸ್ತೇನ?"

"ಹೊಡದಾನೇನ?"

ಸ್ಟೀರಿಂಗ್ ಹಿಡಿದ ಮಗಳು ನಗುತ್ತಾ ನಗುತ್ತಾ ಗಾಡಿ ಬದಿಗೆ ತೆಗೆದಳು. "ಇಬ್ರೂ ಕೂಡಿ ಒಬ್ಬ ಮನಷ್ಯಾ ಆಗ್ತೀರಿ ನೋಡ್ರಿ ಅತ್ತಿ!"

ಹೊಸ ಭವನ ನೋಡಲು ಚೆಂದವಿತ್ತು, ಕೇಳಲು ಕೆಟ್ಟದ್ದಿತ್ತು. ಗೋಡೆಗೆಲ್ಲ ನುಣ್ಣನೆ ಟೈಲ್ಸ್, ಮೇಲೆ ತಗಡು. ಒಂದು ಚಪ್ಪಾಳೆ ತಟ್ಟಿದರೆ ಅದು ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯುತ್ತಿತ್ತು. ಮಗಳು ಸಣ್ಣ ಮೈಕನ್ನು ಭವನದ ಬೇರೆ ಬೇರೆ ಕಡೆ ನಿಲ್ಲಿಸಿ ಅಳತೆ ಮಾಡಿದಳು. ಪದದ ನಡುವೆ ಮೈಕು ‘ಕುಂಯ್’ ಎಂದು ಕೂಗಿದರೆ ಆ ಕೂಗನ್ನು ಯಂತ್ರ ತಾನೇ ಕತ್ತರಿಸುವಂತೆಯೂ ಹೊಂದಿಸಿದಳು. ಹಿಂದಿನ ಗೋಡೆಗೆ ದಪ್ಪನೆಯ ಬಟ್ಟೆ ಇಳಿಬಿಡಿ, ಮಡಿಕೆ ಮಡಿಕೆಯಾಗಿರಲಿ, ಉಣ್ಣೆಯದಾದರೆ ಒಳ್ಳೆಯದು ಎಂದು ಉತ್ತರ ಬಂತು. ನಾನು ಅದನ್ನು ಹೇಳಿದ್ದೇ ತಡ, ತಮ್ಮ ಎರಡೂ ಮ್ಯಾಳದವರ ಹೆಗಲ ಮೇಲಿನ ಕಂಬಳಿಗಳನ್ನು ಕೂಡಿಸಿದ. ಹಗ್ಗಕ್ಕೆ ಸಾಲಾಗಿ ಕರಿ ಕಂಬಳಿ ತೂಗಿಬಿಟ್ಟಾಗ ಭವನದ ಗದ್ದಲ ಒಮ್ಮೆಲೇ ಸೌಮ್ಯವಾಯಿತು.

"ಕಡೀಕ ಕಂಪ್ಯೂಟರ್‌ಗೂ ಕಂಬಳಿ ಬೇಕಾತ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ನಾನು ಮಾತ್ರ ಗೋಡೆಗುಂಟ ನಡೆಯುತ್ತಲೇ ಇದ್ದೆ, ಈ ತುದಿಯಿಂದ ಆ ತುದಿಗೆ. ಮಂದಿ ಸೇರುತ್ತಿದ್ದರು. ಬಟ್ಟಲಲ್ಲಿ ಭಂಡಾರ ಸಿದ್ಧವಾಗಿತ್ತು.

ಹಿರಿಯರಿಬ್ಬರೂ ಬಟ್ಟಲು ಹಿಡಿದು ನಡುವಿನ ಖುರ್ಚಿಯ ಕಡೆಗೆ ಬಂದರು. ತಮ್ಮ ಖುರ್ಚಿಯ ಪಕ್ಕದಲ್ಲಿ ನಿಂತಿದ್ದ. ಸುದ್ದಿ ಅವರಿಗೂ ಮುಟ್ಟಿತ್ತು, ಅದು ಅವರು ನಡೆಯುವ ರೀತಿಯಲ್ಲೇ ಕಾಣುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಾಗೇವಾಡಿಯ ಹಿರಿಯ ಮೂರು ಬೆರಳನ್ನು ಭಂಡಾರದಲ್ಲಿ ಅದ್ದಿ, ಎಂದಿನಂತೆ ಕೈ ಎತ್ತಿದ. ಹಳೆಯ ಮರ್ಯಾದೆಗೆ ಕೈ ಎತ್ತಿದ, ಅಷ್ಟೇ.

ತಮ್ಮ ಹಣೆಯನ್ನು ಹಿಂದಕ್ಕೆ ತೆಗೆದುಕೊಂಡ. "ನನಗಲ್ರಿ. ಆಕಿಗೆ ಹಚ್ಚರಿ."

"ಹೆಣ್ಮಗಳಿಗೇನು?" ಎಂದು ಹಿಂದಿನಿಂದ ಒಂದು ದನಿ.

"ಯಾಕ, ಹೆಣ್ಮಕ್ಕಳಿಗೆ ಹಣಿ ಇರೂದಿಲ್ಲೇನ?" ಎಂದ ತಮ್ಮ. "ನನ್ನ ಕಿವಿ ಅರ್ಧ ಆಗ್ಯಾವ. ಅರ್ಧ ಕಿವಿಯಾಂವ ನಡುವ ಕುಂತ್ರ ಇಬ್ರಿಗೂ ಮೋಸ. ಆಕಿ ಕಿವಿ ಚಲೋ ಅದಾವ. ಕೈ ನನ್ನ ಕೈನ."

ಮಸಗುಪ್ಪಿಯ ಹಿರಿಯ ಮೊದಲು ಹಚ್ಚಿದ. ಆಮೇಲೆ ಇನ್ನೊಬ್ಬ. ಅವಳ ಹಣೆ ಹಳದಿಯಾಯಿತು, ಅವಳು ಅಪ್ಪನನ್ನು ನೋಡಲಿಲ್ಲ, ಖುರ್ಚಿಯಲ್ಲಿ ಕೂತಳು. ಟ್ಯಾಬ್ಲೆಟ್ ಹಿಡಿದು ನಾನು ಅವಳ ಪಕ್ಕದಲ್ಲಿ ನಿಂತೆ. ತಮ್ಮ ಮಂದಿಯ ನಡುವೆ ದಾರಿ ಮಾಡಿಕೊಂಡು ಹೋಗಿ, ಜಮಖಾನದ ಮೇಲೆ ಕೂತ. ಡೊಳ್ಳಿನ ಪದಕ್ಕೆ ಅವನು ಕೆಳಗೆ ಕೂತದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ಎಲ್ಲಿ ಕೈ ಇಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಪದ ಶುರುವಾಯಿತು. ಡೊಳ್ಳು ಎದೆಗೆ ಬಡಿಯುವಂತೆ ಬಂತು. ಬಾಗೇವಾಡಿಯವರು ಪ್ರಶ್ನೆ ಹಾಕಿದರು. ಮಸಗುಪ್ಪಿಯವನು ಉತ್ತರ ಕೊಟ್ಟ, ಕೊನೆಯ ಸಾಲಿಗೆ ಅವನ ಹಿಂದಿನವರು ಸೂರು ಹಿಡಿದರು. ದನಿ ಒಂದು ಗಳಿಗೆ ಇಡೀ ಭವನವನ್ನು ತುಂಬಿತು. ಆಮೇಲೆ, ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ, ಇಲ್ಲವಾಯಿತು. ಹಾಡುವವರ ಬಾಯಿ ತೆರೆದೇ ಇತ್ತು, ಕತ್ತಿನ ನರ ಉಬ್ಬಿತ್ತು, ಸ್ಪೀಕರಿನಲ್ಲಿ ಮಾತ್ರ ಏನೂ ಇಲ್ಲ. ಮುಂದಿನ ಸುತ್ತಿನಲ್ಲೂ ಹಾಗೆಯೇ ಆಯಿತು. ಬಾಗೇವಾಡಿಯವರ ಸೂರು ಮಾತ್ರ ಸರಿಯಾಗಿ ಬರುತ್ತಿತ್ತು.

"ಭಂಡಾರ ಹಚ್ಚಿಸಿಕೊಂಡು ವಾಲ್ಯಾಳ!" ಎಂದು ಮಸಗುಪ್ಪಿಯವರ ಕಡೆಯಿಂದ ಕೂಗು ಬಿತ್ತು. "ನಮ್ಮ ಸೂರ ಕೊಯ್ಯಾಕತ್ತಾಳ ನೋಡ್ರಿ!"

ಮಗಳು ಎರಡೂ ಕೈಯನ್ನು ಮಿಕ್ಸರಿನಿಂದ ಮೇಲೆತ್ತಿದಳು. "ಅತ್ತಿ, ನಾ ಏನೂ ಮುಟ್ಟಿಲ್ರಿ. ದನಿ ಒಳಗ ಬರಾಕತ್ತೈತಿ, ಹೊರಗ ಹೋಗವಲ್ದು."

ಮಂದಿ ಏಳತೊಡಗಿದರು. ಆಗ ತಮ್ಮ ಎದ್ದ. ಮಿಕ್ಸರಿನ ಹತ್ತಿರ ಬರಲಿಲ್ಲ. ಬಂದಿದ್ದರೆ, ಅವಳ ಖುರ್ಚಿಯನ್ನು ಅವಳಿಂದ ಕಸಿದುಕೊಂಡ ಹಾಗಾಗುತ್ತಿತ್ತು. ನೇರ ಹೋಗಿ ಮಸಗುಪ್ಪಿಯ ಸೂರಿನವರ ಪಕ್ಕ ನಿಂತು, ಅಲ್ಲಿಂದಲೇ ಮಗಳಿಗೆ ಕೂಗಿ ಹೇಳಿದ: "ಇವರ ದನಿ ಉದ್ದ ಐತವಾ, ಅಲುಗಾಡೂದಿಲ್ಲ. ಅವರದು ನಡುಗತೈತಿ. ಉದ್ದಂದ ಅಷ್ಟ ಹೋಗಾಕತ್ತೈತಿ. ಮಿಷಿನ್ನಿಗೆ ಇದು ಮನಷ್ಯಾರ ದನಿ ಅಂತ ಹೇಳ್ರಿ!"

ಆ ದಪ್ಪ ದನಿ ಅವನ ಕಿವಿಗೆ ಇನ್ನೂ ಪೂರ್ತಿ ಕೇಳುತ್ತಿತ್ತು. ಹೋದದ್ದು ಸಣ್ಣ ಸ್ವರಗಳು ಮಾತ್ರ.

ನಾನು ಬರೆದೆ. ಆ ಅವಸರದ ನನ್ನ ಸ್ಪೆಲ್ಲಿಂಗನ್ನು ನೋಡಿದ್ದರೆ ಸಿಸ್ಟರ್ ಅಳುತ್ತಿದ್ದರು. ‘ಇದು ಸ್ಪೀಕರ್ ಕೂಗುವ ಸದ್ದಲ್ಲ, ಇವರು ಮನುಷ್ಯರು, ಬೇಕೆಂದೇ ಒಂದೇ ದನಿಯನ್ನು ಬಹಳ ಹೊತ್ತು ಹಿಡಿಯುತ್ತಾರೆ, ಅದೇ ಇವರ ಹಾಡು.’ ಸೂರು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಅನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ತಕ್ಷಣ ಉತ್ತರ ಬಂತು. ತಾನು ಆ ಉದ್ದ ದನಿಯನ್ನು ಮೈಕಿನ ಕೂಗು ಎಂದು ತಿಳಿದು ಕತ್ತರಿಸಿದೆ, ತಪ್ಪಾಯಿತು. ಹಾಡು ನಡೆಯುವಾಗ ತನ್ನಷ್ಟಕ್ಕೆ ಕತ್ತರಿಸುವ ಆ ಒಂದು ಕೆಲಸವನ್ನು ನಿಲ್ಲಿಸಿ, ಮುಂಚೆ ಮಾಡಿದ ಅಳತೆಯನ್ನು ಹಾಗೇ ಇಡಿ ಎಂದು. ಯಾವುದನ್ನು ಒತ್ತಬೇಕೆಂದು ಹೇಳಿತು. ಮಗಳು ಒತ್ತಿದಳು.

"ಅಣ್ಣಾರ, ಇನ್ನೊಮ್ಮೆ ಹಿಡೀರಿ!" ಎಂದು ಮೈಕಿನಲ್ಲಿ ಹೇಳಿದಳು. "ತಪ್ಪು ಮಿಷಿನ್ನಿಂದು. ನಾ ಯಾರ ಕಡಿನೂ ಇಲ್ರಿ."

ಅವರು ಹಿಡಿದರು. ಈ ಸಲ ದನಿ ಎಲ್ಲೂ ಮುರಿಯಲಿಲ್ಲ. ಕಂಬಳಿಗಳವರೆಗೆ ಹೋಗಿ ಅಲ್ಲೇ ಇಂಗಿತು. ಮಸಗುಪ್ಪಿಯ ಹಿರಿಯ ಎರಡೂ ಕೈ ಮೇಲೆತ್ತಿ ತನ್ನವರನ್ನು ಕೂರಿಸಿದ.

ಆಗ ಒಂದು ಮಾತು ಕೇಳಿತು: "ಭಲೆ! ಭಲೆ ನನ್ನಪ್ಪಾ!" ತಿರುಗಿ ನೋಡಿದರೆ ನನ್ನ ತಮ್ಮ. ಹಣೆಯ ಮೇಲೆ ಭಂಡಾರವಿಲ್ಲ, ಯಾರೂ ತಡೆಯುವ ಹಾಗಿಲ್ಲ. ಅಷ್ಟು ವರ್ಷ ನುಂಗಿದ ‘ಭಲೆ’ಗಳನ್ನೆಲ್ಲ ಅವನು ಆ ಮಧ್ಯಾಹ್ನ ಹೊರಗೆ ಹಾಕಿದ. ಅದೂ ನಾಚಿಕೆಯಿಲ್ಲದೆ ಒಂದೇ ಕಡೆಗೆ, ಪೂರ್ತಿ ಮಸಗುಪ್ಪಿಯ ಕಡೆಗೆ. ಬಾಗೇವಾಡಿಯ ಮುದುಕನೊಬ್ಬ, "ಕಾಕಾ, ನೀವು ಇಷ್ಟ ವರ್ಷ ಒಳಗೊಳಗ ಇವರ ಮಂದಿ ಇದ್ರೇನು?" ಎಂದು ಕೆಣಕಿದ. "ಇಲ್ಲೋ, ಇವತ್ತನ ಆದೆ," ಎಂದ ತಮ್ಮ.

ಯಾರು ಗೆದ್ದರು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ಮಗಳು ಹಣೆಯನ್ನು ವೇಲಿನಿಂದ ಒರೆಸಿಕೊಂಡು ಎದ್ದಾಗ ಹಿರಿಯರಿ­ಬ್ಬರೂ ಮುಂದಿನ ಪದಕ್ಕೂ ಬರಬೇಕೆಂದು ಅವಳಿಗೇ ಹೇಳಿದರು, ಅದು ನೆನಪಿದೆ. ತಮ್ಮ ಅದನ್ನು ಸ್ವಲ್ಪ ದೂರದಲ್ಲಿ ನಿಂತು ಕೇಳಿದ. ಕೇಳಿತೋ ಇಲ್ಲವೋ, ತುಟಿ ನೋಡಿ ತಿಳಿದುಕೊಂಡನೋ.

ತಮ್ಮನ ಎದೆಬಡಿತ ನಿಂತಿತೆಂದು ಫೋನ್ ಬಂದಾಗ ಬೆಳಗಾವಿಯಲ್ಲಿ ನನ್ನ ಕಣ್ಣಿಗೆ ಪಟ್ಟಿ ಇತ್ತು. ಡಾಕ್ಟರು ಅಲುಗಾಡಬೇಡಿ ಅಂದಿದ್ದರು. ನಾನು, ಒಂದು ಗಳಿಗೆ ಕೂರಲಾರದವಳು, ಮಲಗಿಯೇ ಇರಬೇಕಾಯಿತು. ಪಟ್ಟಿ ಬಿಚ್ಚಿದ ಮೇಲೆ ಎಲ್ಲವೂ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಅದರ ಮೇಲೆಯೇ ಸಿಟ್ಟು ಬಂತು. ಅವನನ್ನು ಕೊನೆಯ ಸಲ ನೋಡಿದ್ದು ಆ ಮಬ್ಬುಗಣ್ಣಿನಲ್ಲೇ.

ಅದು ಬಾಗೇವಾಡಿಯ ಅದೇ ಮಧ್ಯಾಹ್ನ. ಮಂದಿ ಚದುರಿದ್ದರು. ನನ್ನ ನೆಂಟರ ಕಾರು ಭವನದ ಗೇಟಿನಲ್ಲಿ ನಿಂತಿತ್ತು. ಅವನು ಹೊರಗಿನ ಕಟ್ಟೆಯ ಮೇಲೆ, ಒಂದು ದೊಡ್ಡ ಬಾಕ್ಸಿನ ಪಕ್ಕ ನಿಂತು, ಕೇಬಲ್ ಸುತ್ತುತ್ತಿದ್ದ. ಅಪ್ಪ ನೂಲು ಸುತ್ತುತ್ತಿದ್ದಂತೆ, ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ. ಕಿಟಕಿಯಿಂದ ತಲೆ ಹಾಕಿ, "ಏ, ಬರ್ತೇನೋ!" ಅಂದೆ. ತಿರುಗಲಿಲ್ಲ. ಡ್ರೈವರು ಹಾರನ್ ಒತ್ತಿದ. ತಿರುಗಲಿಲ್ಲ. ಕಾರು ಮುಂದಕ್ಕೆ ಸರಿಯತೊಡಗಿತು.

"ಹೋಽಽ!" ಎಂದೆ. ನನ್ನ ಎದೆಯಿಂದ ಅದು ಹೇಗೆ ಎದ್ದಿತೋ ಗೊತ್ತಿಲ್ಲ. ಡ್ರೈವರು ಬೆಚ್ಚಿ ಬ್ರೇಕ್ ಹಾಕಿದ.

ತಮ್ಮನ ಕೈ ನಿಂತಿತು. ಮೊದಲು ಅವನು, ಕೂಗು ಅಲ್ಲಿಂದಲೇ ಬಂತೇನೋ ಎಂಬಂತೆ, ಬಾಕ್ಸಿನ ಕಡೆಗೆ ನೋಡಿದ. ಅದರಿಂದ ಕಿತ್ತ ವೈರು ಅವನ ಕೈಯಲ್ಲೇ ಇತ್ತು. ಆಮೇಲೆ ನನ್ನ ಕಡೆಗೆ ತಿರುಗಿದ.